ಯವನಶಿಲ್ಪದ ಮನುಷ್ಯದೇಹವೂ ಹಲಸೂರಿನ ಸೋಮೇಶ್ವರಾಲಯದ ಶಿಲ್ಪವೂ

ಬೆಂಗಳೂರು ದಂಡಿನ ಪಡುವಣ ಅಂಚಿನಲ್ಲಿ, ಕಬ್ಬನ್ ಉದ್ಯಾನದ ಮೂಲೆಯಲ್ಲಿ, ಥಾಮಸ್ ಬ್ರಾಕ್ ಎಂಬ ಆಂಗ್ಲ ಶಿಲ್ಪಿಯು ನಿರ್ಮಿಸಿದ ವಿಕ್ಟೋರಿಯಾ ರಾಣಿಯ ಅಮೃತಶಿಲಾಪ್ರತಿಮೆಯು 1906ರಿಂದ ನಿಂತಿದೆ. ಅದೇ ದಂಡಿನ ಮೂಡಣ ಅಂಚಿನಲ್ಲಿ, ಯಲಹಂಕದ ನಾಡಪ್ರಭುಗಳ ಆಶ್ರಯದಲ್ಲಿ ಈಗಿನ ವಿಸ್ತಾರಕ್ಕೆ ಬಂದ ಹಲಸೂರಿನ ಸೋಮೇಶ್ವರ ದೇವಾಲಯವಿದೆ. ಮೊದಲನೆಯದು ಯವನರಿಂದ ರೋಮಕರಿಗೂ ರೋಮಕರಿಂದ ಐರೋಪ್ಯರಿಗೂ ಇಳಿದುಬಂದ ಶಿಲ್ಪಸಂಪ್ರದಾಯದ ದೂರದ ಕೊಂಬೆ. ಎರಡನೆಯದು ಆಗಮಗಳನ್ನೂ ಶಿಲ್ಪಶಾಸ್ತ್ರವನ್ನೂ ನಂಬಿದ ಸ್ಥಪತಿಗಳ ಕೆಲಸ. ಇವೆರಡಕ್ಕೂ ನಡುವಣ ದಾರಿಯನ್ನು ಕಾಲುನಡಗೆಯಿಂದಲೇ ಕ್ರಮಿಸಬಹುದು. ಆದರೂ ದಂಡಿನ ಪ್ರತಿಮೆಯ ಮುಂದೆ ನಿಂತು ಅದರ ಉಡುಗೆಯ ಮಡಿಕೆಗಳನ್ನು ಕೊಂಡಾಡುವವರಲ್ಲಿ ಅನೇಕರು ಹಲಸೂರಿನ ಗೋಡೆಯ ಉಬ್ಬುಶಿಲ್ಪಗಳನ್ನು ಕಣ್ಣೆತ್ತಿ ನೋಡದೆ ಪ್ರದಕ್ಷಿಣೆಯನ್ನು ಮುಗಿಸುವರು. ನೋಡಿದವರೂ ಅವುಗಳಲ್ಲಿ ಭಕ್ತಿಯನ್ನು ಕಾಣುವರೇ ಹೊರತು ಮನುಷ್ಯದೇಹದ ಜ್ಞಾನವನ್ನು ಕಾಣುವುದಿಲ್ಲ.

ಇದಕ್ಕೆ ಕಾರಣವಾದ ಅಭಿಪ್ರಾಯವು ಹಳೆಯದು. ಯವನಶಿಲ್ಪಿಯು ಮನುಷ್ಯನನ್ನು ಕಣ್ಣಾರೆ ಕಂಡು ಕಡೆದನು, ಭಾರತೀಯ ಶಿಲ್ಪಿಯು ಶಾಸ್ತ್ರವನ್ನು ಓದಿ ಕಡೆದನು. ಒಬ್ಬನಿಗೆ ಪ್ರತ್ಯಕ್ಷವೇ ಪ್ರಮಾಣ, ಇನ್ನೊಬ್ಬನಿಗೆ ಶಬ್ದವೇ ಪ್ರಮಾಣ ಎಂಬುದು ಅದರ ತಿರುಳು. 1910ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಆರ್ಟ್ಸ್ ಸಭೆಯಲ್ಲಿ ಸರ್ ಜಾರ್ಜ್ ಬರ್ಡ್‌ವುಡ್ ಎಂಬಾತನು ಜಾವಾದ್ವೀಪದ ಬುದ್ಧಪ್ರತಿಮೆಯೊಂದನ್ನು ಕೊಬ್ಬು ಬೆರೆಸಿ ಬೇಯಿಸಿದ ಹಿಟ್ಟಿನ ಮುದ್ದೆಗೆ ಹೋಲಿಸಿದುದು ಈ ಅಭಿಪ್ರಾಯದ ಪರಾಕಾಷ್ಠೆ. ಮರುತಿಂಗಳೇ ವಿಲಿಯಂ ರಾಥೆನ್‌ಸ್ಟೈನ್ ಮೊದಲಾದ ಹದಿಮೂರು ಮಂದಿ ಕಲಾವಿದರೂ ವಿಮರ್ಶಕರೂ ‘ಟೈಮ್ಸ್’ ಪತ್ರಿಕೆಯಲ್ಲಿ ಇದನ್ನು ಖಂಡಿಸಿದರು. ಆದರೆ ಆ ವಾದದಿಂದ ಹುಟ್ಟಿದ ಪ್ರತಿವಾದವೊಂದು ಈ ದೇಶದಲ್ಲಿ ಬೇರೂರಿ, ಮೊದಲಿನದಕ್ಕಿಂತ ಹೆಚ್ಚಿನ ಹಾನಿಯನ್ನುಂಟುಮಾಡಿದೆ. ಯವನರದು ಮಾಂಸದ ಕಲೆ, ಭಾರತೀಯರದು ಆತ್ಮದ ಕಲೆ. ಆದುದರಿಂದ ಭಾರತೀಯ ಶಿಲ್ಪದಲ್ಲಿ ದೇಹವನ್ನು ಹುಡುಕುವುದೇ ಅಪಚಾರ ಎಂಬುದು ಆ ಪ್ರತಿವಾದ. ಇದು ಬೈಗುಳವನ್ನು ಹೊಗಳಿಕೆಯಾಗಿ ತಿರುಗಿಸಿಕೊಂಡಂತಾಯಿತಲ್ಲದೆ ಉತ್ತರವಾಗಲಿಲ್ಲ. ಶಿಲ್ಪಿಗೆ ದೇಹವು ತಿಳಿದಿರಲಿಲ್ಲವೆಂದು ಬರ್ಡ್‌ವುಡ್ ಹೇಳಿದರೆ, ತಿಳಿಯಬೇಕಾಗಿರಲಿಲ್ಲವೆಂದು ಇವರು ಹೇಳುವರು. ಎರಡು ಪಕ್ಷದವರೂ ಕಲ್ಲನ್ನು ನೋಡಲಿಲ್ಲವೆಂಬುದು ಸಮಾನ.

ಗ್ರೀಕ್ ರುದ್ರನಾಟಕವನ್ನು ಬಿ. ಎಂ. ಶ್ರೀಕಂಠಯ್ಯನವರು ‘ಅಶ್ವತ್ಥಾಮನ್’ (1929), ‘ಪಾರಸಿಕರು’ (1935) ಎಂಬ ಕೃತಿಗಳ ಮೂಲಕ ಕನ್ನಡಿಗರ ಮನೆಯೊಳಕ್ಕೆ ತಂದರು. ಆ ಜನರ ಶಿಲ್ಪಕ್ಕೆ ಕನ್ನಡದಲ್ಲಿ ಅಂಥ ಭಾಗ್ಯವು ಬರಲಿಲ್ಲ. ಆದುದರಿಂದ ಮೊದಲು ಯವನಶಿಲ್ಪಿಯ ನಿಜವಾದ ಪದ್ಧತಿಯು ಯಾವುದೆಂಬುದನ್ನು ವಿಚಾರಿಸುವುದು ಯುಕ್ತ.

ಕ್ರಿ. ಪೂ. 600ರ ಸುಮಾರಿನ ಯವನ ತರುಣಪ್ರತಿಮೆಗಳು, ಅಂದರೆ ‘ಕೂರೋಸ್’ ಎಂದು ಹೆಸರಾದವು, ನೆಟ್ಟಗೆ ನಿಂತು, ಎಡಗಾಲನ್ನು ಮುಂದಿಟ್ಟು, ಎರಡು ಕೈಗಳನ್ನೂ ತೊಡೆಗೆ ಅಂಟಿಸಿಕೊಂಡಿರುತ್ತವೆ. ಒಂದು ಕಾಲು ಮುಂದಿದ್ದರೂ ಸೊಂಟವು ಅಲುಗಿರುವುದಿಲ್ಲ. ಎದೆ ಹೊಟ್ಟೆಗಳು ಕಲ್ಲಿನ ಮೇಲೆ ಗೀರಿದ ರೇಖೆಗಳಾಗಿವೆ. ಐಗುಪ್ತದ ಪ್ರತಿಮೆಗಳ ಋಣವು ಇವುಗಳ ಮೇಲೆ ಸ್ಪಷ್ಟವಾಗಿದೆ. ಸುಮಾರು ನೂರಿಪ್ಪತ್ತು ವರ್ಷಗಳ ತರುವಾಯ, ಕ್ರಿ. ಪೂ. 480ರ ಹೊತ್ತಿಗೆ, ಅಥೆನ್ಸಿನ ಕೋಟೆಗುಡ್ಡದಲ್ಲಿ ದೊರೆತ ‘ಕ್ರಿಟಿಯೋಸನ ಹುಡುಗ’ ಎಂಬ ಪ್ರತಿಮೆಯಲ್ಲಿ ಮೈಭಾರವು ಒಂದೇ ಕಾಲಿನ ಮೇಲೆ ಬಿದ್ದಿದೆ. ಅದರಿಂದ ಒಂದು ಕಡೆಯ ಸೊಂಟವು ಏರಿ ಇನ್ನೊಂದು ಕಡೆಯದು ಇಳಿದು, ತಲೆಯು ತುಸು ಹೊರಳಿದೆ. ಭಾರವು ಎಲ್ಲಿ ಬೀಳುತ್ತದೆಯೋ ಅಲ್ಲಿಂದ ಇಡೀ ದೇಹವು ಬದಲಾಗಬೇಕೆಂಬುದನ್ನು ಯವನರು ಕಂಡುಹಿಡಿದುದು ಇಲ್ಲಿಯೇ. ಇದು ನಿಜವಾಗಿಯೂ ಕಣ್ಣಿನ ವಿಜಯ. ಅದನ್ನು ಅಲ್ಲಗಳೆಯುವುದು ಹಠವಾದೀತು.

ಆದರೆ ಆ ಕಣ್ಣು ಒಂಟಿಯಾಗಿ ಕೆಲಸಮಾಡಲಿಲ್ಲ. ಕ್ರಿ. ಪೂ. ಐದನೆಯ ಶತಮಾನದ ನಡುವಿನಲ್ಲಿದ್ದ ಪಾಲಿಕ್ಲೈಟಸನು ಭಲ್ಲೆಯನ್ನು ಹೊತ್ತ ಪುರುಷನೊಬ್ಬನನ್ನು ಕಂಚಿನಲ್ಲಿ ಎರಕಹೊಯ್ದುದು ಮಾತ್ರವಲ್ಲದೆ, ಅಂಗಮಾನಗಳನ್ನು ಕುರಿತು ಒಂದು ಗ್ರಂಥವನ್ನೂ ಬರೆದನು. ಅದರ ಹೆಸರು ‘ಕನೋನ್’, ಎಂದರೆ ಅಳತೆಗೋಲು ಅಥವಾ ನಿಯಮ. ಕಂಚೂ ಗ್ರಂಥವೂ ಎರಡೂ ಅಳಿದುಹೋಗಿವೆ. ಪ್ರತಿಮೆಯು ರೋಮಕರು ಕಡೆಯಿಸಿದ ಅಮೃತಶಿಲೆಯ ಪ್ರತಿರೂಪಗಳಲ್ಲಿ, ಗ್ರಂಥವು ಇತರರ ಉಲ್ಲೇಖಗಳಲ್ಲಿ ಮಾತ್ರ ಉಳಿದಿದೆ. ಕ್ರಿ. ಶ. ಎರಡನೆಯ ಶತಮಾನದ ವೈದ್ಯ ಗೇಲನನು ಅದರ ಸಾರವನ್ನು ತಿಳಿಸಿರುವನು. ಸೌಂದರ್ಯವಿರುವುದು ಬೆರಳಿಗೂ ಬೆರಳಿಗೂ, ಬೆರಳುಗಳಿಗೂ ಅಂಗೈಗೂ, ಅಂಗೈಗೂ ಮಣಿಕಟ್ಟಿಗೂ, ಮುಂಗೈಗೂ ತೋಳಿಗೂ ಇರುವ ಪರಸ್ಪರ ಮಾನದಲ್ಲಿ ಎಂಬುದು ಅದರ ಅಭಿಪ್ರಾಯ. ಬೆರಳಿನಿಂದ ಹೊರಟು ಇಡೀ ದೇಹವನ್ನು ಮುಟ್ಟುವ ಈ ಮಾತನ್ನು ಕೇಳಿದ ಶಿಲ್ಪಶಾಸ್ತ್ರಜ್ಞನಿಗೆ ಅಂಗುಲವೂ ತಾಲವೂ ನೆನಪಾಗದೆ ಇರಲಾರವು.

ಯವನರ ಗ್ರಂಥಗಳಿಂದ ಸಂಗ್ರಹಿಸಿ ಬರೆದ ರೋಮಕ ವಾಸ್ತುಶಾಸ್ತ್ರಜ್ಞ ವಿಟ್ರೂವಿಯಸ್‌ನಲ್ಲಿ ಈ ಸಾದೃಶ್ಯವು ಇನ್ನೂ ವಿಸ್ಮಯಕರವಾಗಿದೆ. ಗಲ್ಲದಿಂದ ಕೇಶಾಂತದವರೆಗಿನ ಮುಖವು ದೇಹದ ಎತ್ತರದ ಹತ್ತನೆಯ ಒಂದು ಭಾಗವೆಂದೂ, ಮಣಿಕಟ್ಟಿನಿಂದ ನಡುಬೆರಳ ತುದಿಯವರೆಗಿನ ಹಸ್ತವೂ ಅಷ್ಟೇ ಎಂದೂ ಅವನು ಹೇಳುತ್ತಾನೆ. ಮುಖವೂ ಹಸ್ತತಲವೂ ಸಮವೆಂಬ ಈ ನಿಯಮವೇ ಭಾರತದಲ್ಲಿ ‘ತಾಲ’ ಎಂಬ ಮಾನದ ಬೀಜ. ಹನ್ನೆರಡು ಅಂಗುಲಗಳ ತಾಲವು ಒಂಬತ್ತಾದರೆ 108 ಅಂಗುಲಗಳ ನವತಾಲ. ಹತ್ತಾದರೆ 120 ಅಂಗುಲಗಳ ಮಧ್ಯಮ ದಶತಾಲ. ಇಬ್ಬರಲ್ಲಿ ಯಾರು ಯಾರಿಂದ ಕಲಿತರೆಂಬ ಜಗಳವು ಇಲ್ಲಿ ಅನವಶ್ಯಕ. ಕೈಯನ್ನು ಮುಖದ ಮೇಲಿಟ್ಟು ನೋಡಿದ ಯಾವ ಮನುಷ್ಯನಿಗಾದರೂ ಈ ಸಾಮ್ಯವು ತೋರತಕ್ಕದ್ದೇ.

ಶಾಸ್ತ್ರವು ಶಿಲ್ಪಿಯ ಕಣ್ಣನ್ನು ಕಟ್ಟಿತೆಂಬ ಆಕ್ಷೇಪಕ್ಕೆ ಶಾಸ್ತ್ರಗ್ರಂಥಗಳೇ ಸಮಾಧಾನವನ್ನು ಕೊಡುತ್ತವೆ. ಬೃಹತ್ಸಂಹಿತೆಯಲ್ಲಿ ವರಾಹಮಿಹಿರನು ಪಂಚಮಹಾಪುರುಷರ ಮಾನವನ್ನು ಹೇಳುವಾಗ ಹಂಸನಿಗೆ 96 ಅಂಗುಲಗಳನ್ನೂ ಮಾಲವ್ಯನಿಗೆ 108 ಅಂಗುಲಗಳನ್ನೂ ವಿಧಿಸಿದ್ದಾನೆ. ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿಯಾದರೋ ಹಂಸನೇ 108 ಅಂಗುಲದವನು, ಮಾಲವ್ಯನು 104 ಅಂಗುಲದವನು. ಮುಖದ ಉದ್ದವು ಹನ್ನೆರಡು ಅಂಗುಲವೆಂದು ಹೇಳಿದ ವರಾಹಮಿಹಿರನು, ನಗ್ನಜಿತ್ತಿನ ಮತದಲ್ಲಿ ಅದು ಹದಿನಾಲ್ಕೆಂದೂ ಅದು ದ್ರಾವಿಡಮಾನವೆಂದೂ ಒಡನೆಯೇ ತಿಳಿಸುತ್ತಾನೆ. ದೇಶಭೇದದಿಂದ ಮುಖಭೇದವಿದೆಯೆಂದು ಒಪ್ಪಿದ ಶಾಸ್ತ್ರವು ಪ್ರತ್ಯಕ್ಷವನ್ನು ಬಿಟ್ಟಿತೆಂದು ಹೇಳುವುದು ಹೇಗೆ? ಯವನರಲ್ಲಿಯೂ ಹೀಗೆಯೇ ಆಯಿತು. ಕ್ರಿ. ಪೂ. ನಾಲ್ಕನೆಯ ಶತಮಾನದ ಲಿಸಿಪ್ಪಸನು ತಲೆಯನ್ನು ಚಿಕ್ಕದುಮಾಡಿ, ಮೈಯನ್ನು ತೆಳುವುಮಾಡಿ, ಪಾಲಿಕ್ಲೈಟಸನ ಮಾನವನ್ನು ಮುರಿದನು. ಹಿಂದಿನವರು ಜನರನ್ನು ಇರುವಂತೆ ಮಾಡಿದರೆ ತಾನು ತೋರುವಂತೆ ಮಾಡುವೆನೆಂದು ಅವನು ಹೇಳುತ್ತಿದ್ದನೆಂಬುದಾಗಿ ಪ್ಲಿನಿಯು ಬರೆದಿದ್ದಾನೆ.

ಇಷ್ಟಾದ ಮೇಲೂ ಒಂದು ಬಲವಾದ ಶಂಕೆಯು ಉಳಿಯುತ್ತದೆ. ಮಾನವು ಇಬ್ಬರಲ್ಲಿಯೂ ಇದ್ದರೆ, ಯವನಪ್ರತಿಮೆಯ ಎದೆಯಲ್ಲಿ, ಹೊಟ್ಟೆಯಲ್ಲಿ, ತೊಡೆಯಲ್ಲಿ ಎದ್ದುಕಾಣುವ ಮಾಂಸಪೇಶಿಗಳು ಭಾರತೀಯ ಪ್ರತಿಮೆಯಲ್ಲಿ ಏಕೆ ಇಲ್ಲ? ಪೇಶಿಯನ್ನು ತಿಳಿಯದವನು ಪೇಶಿಯನ್ನು ಕಡೆಯಲಾರನೆಂಬುದೇ ಸಹಜವಾದ ಉತ್ತರವಲ್ಲವೆ? ಬರ್ಡ್‌ವುಡ್ಡನ ಮುದ್ದೆಯ ಮಾತಿಗೆ ಆಧಾರವೂ ಇದೇ.

ಈ ಉತ್ತರವು ನಿಲ್ಲತಕ್ಕದ್ದಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಐನೂರು ಪೇಶಿಗಳು, ಇನ್ನೂರಹತ್ತು ಸಂಧಿಗಳು, ಒಂಬೈನೂರು ಸ್ನಾಯುಗಳು, ನೂರೇಳು ಮರ್ಮಗಳು ಎಣಿಸಲ್ಪಟ್ಟಿವೆ. ವೇದವಾದಿಗಳ ಲೆಕ್ಕದಂತೆ ಮುನ್ನೂರರವತ್ತು ಎಲುಬುಗಳಿದ್ದರೂ ಶಲ್ಯತಂತ್ರದಲ್ಲಿ ಮುನ್ನೂರೇ ಎಂದು ಸುಶ್ರುತನು ಧೈರ್ಯದಿಂದ ಬೇರೆಯಾಗಿ ಹೇಳುತ್ತಾನೆ. ಶವವನ್ನು ಮುಂಜ ಮೊದಲಾದ ಹುಲ್ಲಿನಿಂದ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಯಿಸಿ, ಆಮೇಲೆ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ ಚರ್ಮದಿಂದ ಮೊದಲುಗೊಂಡು ಒಂದೊಂದು ಪದರವನ್ನೂ ಕಣ್ಣಿನಿಂದ ನೋಡಬೇಕೆಂಬುದು ಅಲ್ಲಿಯ ವಿಧಿ. ಯವನರಲ್ಲಿಯಾದರೋ ಮನುಷ್ಯಶವವನ್ನು ಕ್ರಮವಾಗಿ ಕೊಯ್ದು ಪರೀಕ್ಷಿಸಿದುದು ಅಲೆಕ್ಸಾಂಡ್ರಿಯದ ಹೆರೊಫಿಲಸನ ಕಾಲದಲ್ಲಿ, ಕ್ರಿ. ಪೂ. ಮೂರನೆಯ ಶತಮಾನದಲ್ಲಿ, ಅಂದರೆ ಪಾಲಿಕ್ಲೈಟಸನು ತೀರಿಕೊಂಡು ನೂರು ವರ್ಷಗಳಿಗೂ ಮೀರಿದ ಮೇಲೆ. ಹೀಗೆ ಪೇಶಿಯನ್ನು ಕಡೆದವರು ಶವವನ್ನು ಬಿಡಿಸಿ ನೋಡಿರಲಿಲ್ಲ. ಬಿಡಿಸಿ ನೋಡುವ ವಿಧಿಯುಳ್ಳವರು ಪೇಶಿಯನ್ನು ಕಡೆಯಲಿಲ್ಲ. ಆದುದರಿಂದ ಪೇಶಿಯ ಇರುವಿಕೆಯು ಶಾರೀರಜ್ಞಾನಕ್ಕೂ ಅದರ ಇಲ್ಲದಿರುವಿಕೆಯು ಅಜ್ಞಾನಕ್ಕೂ ಲಿಂಗವಾಗಲಾರದು. ತರ್ಕದ ಭಾಷೆಯಲ್ಲಿ ಇದು ವ್ಯಭಿಚಾರಿಯಾದ ಹೇತು.

ಹಾಗಾದರೆ ಯವನಶಿಲ್ಪಿಯ ಪೇಶಿಯು ಎಲ್ಲಿಂದ ಬಂದಿತು? ಗರಡಿಯಿಂದ. ಯವನರ ವ್ಯಾಯಾಮಶಾಲೆಗೆ ‘ಗಿಮ್ನಾಸಿಯೋನ್’ ಎಂಬ ಹೆಸರು ಬಂದುದೇ ನಗ್ನತೆಯನ್ನು ಹೇಳುವ ಶಬ್ದದಿಂದ. ಒಲಿಂಪಿಯದ ಪಂದ್ಯಗಳಲ್ಲಿ ತರುಣರು ಬೆತ್ತಲೆಯಾಗಿಯೇ ಓಡುತ್ತಿದ್ದರು, ಮಲ್ಲಯುದ್ಧವಾಡುತ್ತಿದ್ದರು. ಎಣ್ಣೆ ಹಚ್ಚಿದ ಮೈ ಬಿಸಿಲಿನಲ್ಲಿ ಹೊಳೆಯುವುದನ್ನು ಊರಿನ ಗಂಡಸರೆಲ್ಲ ನೋಡುತ್ತಿದ್ದರು. ಅವರ ಪಾಲಿಗೆ ಸಾಧನೆಮಾಡಿದ ದೇಹವು ಪೌರನ ಗುಣದ ಗುರುತು. ಹೆಂಗಸಿನ ದೇಹಕ್ಕೆ ಈ ಗೌರವವಿರಲಿಲ್ಲವೆಂಬುದನ್ನೂ ಗಮನಿಸಬೇಕು. ಪ್ರಾಕ್ಸಿಟಿಲೀಸನು ಕ್ನಿಡಸ್ ಪಟ್ಟಣದ ಅಫ್ರೊಡೈಟಿಯನ್ನು ವಿವಸ್ತ್ರೆಯಾಗಿ ಕಡೆದುದು ಕ್ರಿ. ಪೂ. ನಾಲ್ಕನೆಯ ಶತಮಾನದಲ್ಲಿ, ಪುರುಷಪ್ರತಿಮೆಗಳು ಬೆತ್ತಲೆಯಾಗಿ ನಿಂತು ಇನ್ನೂರು ವರ್ಷಗಳ ಮೇಲೆ. ಇನ್ನು ಆ ಪೇಶಿಗಳಾದರೂ ಕಂಡುದರ ನಕಲೆ? ಹೊಟ್ಟೆಗೂ ತೊಡೆಗೂ ನಡುವೆ ಯವನಶಿಲ್ಪಿಯು ಕಡೆಯುವ ದಪ್ಪವಾದ ಮಾಂಸದ ಏಣು ಯಾವ ಮಲ್ಲನಲ್ಲಿಯೂ ಅಷ್ಟು ಉಬ್ಬಿರಲಾರದು. ಹಣೆಯಿಂದ ಮೂಗಿನವರೆಗೆ ಒಂದೇ ಗೆರೆಯಾಗಿ ಇಳಿಯುವ ಮುಖವು ಅಥೆನ್ಸಿನ ಬೀದಿಯಲ್ಲಿ ಸಾಮಾನ್ಯವಾಗಿದ್ದಿತೆಂದು ನಂಬುವುದು ಕಷ್ಟ. ಅವನೂ ಕಂಡುದನ್ನು ತಿದ್ದಿಯೇ ಕಡೆದನು.

ಭಾರತೀಯ ಶಿಲ್ಪಿಯು ತಿದ್ದಿದುದು ಬೇರೆಯ ಕಡೆಗೆ. ಚಿತ್ರಸೂತ್ರವು ಒಳ್ಳೆಯ ಚಿತ್ರಕ್ಕೆ ಹೇಳುವ ಲಕ್ಷಣವು ಅದು ಉಸಿರಾಡುವಂತೆ ತೋರಬೇಕೆಂಬುದು. ಮಲಗಿದವನಲ್ಲಿ ಚೈತನ್ಯವನ್ನೂ ಸತ್ತವನಲ್ಲಿ ಅದರ ಅಭಾವವನ್ನೂ ತೋರಿಸಬಲ್ಲವನೇ ಚಿತ್ರವನ್ನು ಬಲ್ಲವನೆಂದೂ ಅಲ್ಲಿ ಹೇಳಿದೆ. ಮಲಗಿದವನಿಗೂ ಸತ್ತವನಿಗೂ ಪೇಶಿಯಲ್ಲಿ ಭೇದವಿಲ್ಲ, ಉಸಿರಿನಲ್ಲಿ ಭೇದವಿದೆ. ಈ ಒಂದು ಮಾತಿನಲ್ಲಿ ಶಿಲ್ಪಿಯು ದೇಹದ ಯಾವ ಸತ್ಯವನ್ನು ಹಿಡಿಯಲು ಹೊರಟನೆಂಬುದು ಸ್ಪಷ್ಟವಾಗುತ್ತದೆ. ಪಾಟಲೀಪುತ್ರದ ಬಳಿಯ ಲೋಹಾನೀಪುರದಲ್ಲಿ 1937ರಲ್ಲಿ ದೊರೆತ, ತಲೆಯೂ ಕೈಕಾಲುಗಳೂ ಮುರಿದುಹೋದ ನಗ್ನಪುರುಷನ ಮುಂಡವನ್ನು ನೋಡಿದವರಿಗೆ ಇದು ತಿಳಿಯುತ್ತದೆ. ಅಲ್ಲಿ ಎದೆಯ ಪೇಶಿಯೊಂದೂ ಕಾಣದು. ಆದರೆ ಒಳಗಿನಿಂದ ತುಂಬಿದ ವಾಯುವು ಚರ್ಮವನ್ನು ಮೃದುವಾಗಿ ಹೊರಕ್ಕೆ ಒತ್ತುತ್ತಿರುವಂತೆ ಹೊಟ್ಟೆಯೂ ಪಕ್ಕೆಗಳೂ ಉಬ್ಬಿವೆ. ಯವನನು ದೇಹವನ್ನು ಹೊರಗಿನ ಭಾರಕ್ಕೆ ಎದುರಾಗಿ ನಿಂತ ವಸ್ತುವಾಗಿ ಕಂಡನು. ಭಾರತೀಯನು ಒಳಗಿನ ಪ್ರಾಣವು ತುಂಬಿಕೊಂಡ ಪಾತ್ರವಾಗಿ ಕಂಡನು. ಎರಡೂ ದೇಹದ ಸತ್ಯಗಳೇ.

ಪ್ರಾಣದ ಈ ತುಂಬುವಿಕೆಯನ್ನು ಶಿಷ್ಯನಿಗೆ ಕಲಿಸುವ ಉಪಾಯವು ಉಪಮಾನ. ಮುಖಕ್ಕೆ ಮೊಟ್ಟೆ, ಕಣ್ಣಿಗೆ ಮೀನು, ಕತ್ತಿಗೆ ಶಂಖ, ಮುಂಡಕ್ಕೆ ಗೋಮುಖ, ನಡುವಿಗೆ ಡಮರು, ತೋಳಿಗೆ ಆನೆಯ ಸೊಂಡಿಲು, ತೊಡೆಗೆ ಬಾಳೆಯ ಕಂಬ. ಇವನ್ನು ಕವಿಗಳ ಸವೆದ ಅಲಂಕಾರಗಳೆಂದು ತಳ್ಳಿಹಾಕುವವರು ಒಂದು ಅಂಶವನ್ನು ಮರೆಯುವರು. ಈ ಉಪಮಾನಗಳೆಲ್ಲವೂ ಬೆಳೆಯುವ, ತುಂಬಿಕೊಳ್ಳುವ ಅಥವಾ ನಾದಮಾಡುವ ವಸ್ತುಗಳು. ಅವುಗಳ ಹೊರಮೈಯು ಒಳಗಿನ ಒತ್ತಡದಿಂದಲೇ ರೂಪಗೊಂಡುದು. ಅವನೀಂದ್ರನಾಥ ಠಾಕೂರರು 1914ರಲ್ಲಿ ಭಾರತೀಯ ಕಲೆಯ ಅಂಗವಿನ್ಯಾಸವನ್ನು ಕುರಿತು ಪ್ರಕಟಿಸಿದ ಚಿಕ್ಕ ಪುಸ್ತಕದಲ್ಲಿ ಇವುಗಳ ರೇಖಾಚಿತ್ರಗಳಿವೆ. ಆ ರೇಖೆಗಳನ್ನು ಬರೆದ ಶಿಷ್ಯರಿಬ್ಬರಲ್ಲಿ ಒಬ್ಬರು ನಂದಲಾಲ ವಸುಗಳು, ಇನ್ನೊಬ್ಬರು ಮೈಸೂರು ಸೀಮೆಯ ಕೆ. ವೆಂಕಟಪ್ಪನವರು (1886-1965). ಬೆಂಗಳೂರಿನಲ್ಲಿ ಸರಕಾರದ ವಸ್ತುಸಂಗ್ರಹಾಲಯದ ಪಕ್ಕದಲ್ಲಿಯೇ ವೆಂಕಟಪ್ಪನವರ ಹೆಸರಿನ ಚಿತ್ರಶಾಲೆಯಿದೆ. ಅಲ್ಲಿಗೆ ಹೋಗುವವರಲ್ಲಿ ಎಷ್ಟು ಮಂದಿಗೆ ಈ ಸಂಗತಿಯು ತಿಳಿದಿದೆಯೋ!

ಪ್ರಾಣದ ಕಲೆಯೆಂದರೆ ನಗ್ನದೇಹಕ್ಕೆ ಅಂಜುವ ಕಲೆಯೆಂದು ತಿಳಿಯಕೂಡದು. ಶ್ರವಣಬೆಳಗೊಳದಲ್ಲಿ ಗಂಗರ ಮಂತ್ರಿಯಾದ ಚಾವುಂಡರಾಯನು ಕ್ರಿ. ಶ. 981ರ ಸುಮಾರಿನಲ್ಲಿ ನಿಲ್ಲಿಸಿದ ಐವತ್ತೆಂಟು ಅಡಿಗಳ ಗೊಮ್ಮಟನಿಗಿಂತ ದೊಡ್ಡ ನಗ್ನಪುರುಷನನ್ನು ಯವನರ ನಾಡಿನಲ್ಲಿ ಉಳಿದಿರುವ ಶಿಲೆಗಳಲ್ಲಿ ಹುಡುಕಿದರೂ ಸಿಗದು. ಕೂರೋಸನ್ನು ಇವನ ಪಕ್ಕದಲ್ಲಿ ನೆನೆದರೆ ಹೊರಗಿನ ಹೋಲಿಕೆಯು ಆಶ್ಚರ್ಯವನ್ನುಂಟುಮಾಡುತ್ತದೆ: ಅದೇ ನೇರವಾದ ನಿಲುವು, ಅವೇ ಇಳಿಬಿಟ್ಟ ಕೈಗಳು, ಅದೇ ಅಗಲವಾದ ಹೆಗಲು. ಆದರೆ ಕೂರೋಸನ ಕಾಲು ಮುಂದಕ್ಕೆ ಹೊರಟಿದೆ, ಗೊಮ್ಮಟನ ಕಾಲುಗಳಿಗೆ ಬಳ್ಳಿಯು ಹಬ್ಬಿದೆ. ಒಬ್ಬನು ಗರಡಿಯಿಂದ ಬಂದವನು. ಇನ್ನೊಬ್ಬನು ‘ಕಾಯೋತ್ಸರ್ಗ’ದಲ್ಲಿ, ಎಂದರೆ ಕಾಯವನ್ನೇ ಬಿಟ್ಟುಕೊಟ್ಟ ಸ್ಥಿತಿಯಲ್ಲಿ, ನಿಂತವನು. ಕಾಯವನ್ನು ಬಿಟ್ಟವನ ಕಾಯವನ್ನು ಇಷ್ಟು ಪೂರ್ಣವಾಗಿ ಕಡೆದ ಶಿಲ್ಪಿಯನ್ನು ದೇಹವಿಮುಖನೆಂದು ಕರೆಯುವವರು, ‘ಆತ್ಮದ ಕಲೆ’ಯ ಪಕ್ಷದವರೂ ಸೇರಿ, ಉತ್ತರಕೊಡಬೇಕಾಗುತ್ತದೆ.

ಯವನರೂಪವು ಭಾರತಕ್ಕೆ ಬಾರದೆ ಇರಲಿಲ್ಲ. ಗಾಂಧಾರದಲ್ಲಿ ವಜ್ರಪಾಣಿಯು ಹೆರಾಕ್ಲೀಸನ ಮೈಕಟ್ಟಿನಿಂದಲೂ, ಬುದ್ಧನು ಯವನರ ಉತ್ತರೀಯದ ದಪ್ಪ ಮಡಿಕೆಗಳಿಂದಲೂ ನಿಂತನು. ಐದನೆಯ ಶತಮಾನದ ಸಾರನಾಥದ ಬುದ್ಧರಲ್ಲಿ ಆ ಮಡಿಕೆಗಳು ಮಾಯವಾಗಿ, ಬಟ್ಟೆಯು ಚರ್ಮಕ್ಕೆ ಅಂಟಿ, ಚರ್ಮವು ಉಸಿರಿನಿಂದ ತುಂಬಿದೆ. ಎದುರಿಗಿದ್ದ ಮಾದರಿಯನ್ನು ಬಲ್ಲವರೇ ಅದನ್ನು ಹೀಗೆ ಕರಗಿಸಿದರೆಂಬುದು ಮುಖ್ಯ. ಬೆಂಗಳೂರಿನ ಸುತ್ತಣ ಭೂಮಿಗೂ ಆ ಪಶ್ಚಿಮದ ರೂಪವು ಬೇರೊಂದು ದಾರಿಯಿಂದ ಬಂದಿತ್ತು. ಯಶವಂತಪುರದ ಬಳಿ 1891ರಲ್ಲಿಯೂ, ದಂಡಿಗೆ ಮೂಡಲಲ್ಲಿರುವ ವಿಮಾನಕಾರ್ಖಾನೆಯ ನೆಲದಲ್ಲಿ 1965ರಲ್ಲಿಯೂ ರೋಮಕ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳ ನಿಧಿಗಳು ದೊರೆತವು. ಶಾತವಾಹನ ಅರಸರ ಬೆಳ್ಳಿಯ ನಾಣ್ಯಗಳಲ್ಲಿ ಆ ಬಗೆಯ ಪಕ್ಕನೋಟದ ಮುಖವು ಕೆಲವು ಕಾಲ ಕಾಣಿಸಿಕೊಂಡು ನಿಂತುಹೋಯಿತು. ವರ್ತಕನು ಕೈಗೆ ತೆಗೆದುಕೊಂಡುದನ್ನು ಶಿಲ್ಪಿಯು ಉಳಿಗೆ ತೆಗೆದುಕೊಳ್ಳಲಿಲ್ಲ.

ಹಲಸೂರಿಗೆ ಬಂದರೆ, ಅಲ್ಲಿಯ ಕಲ್ಲಿನ ಸ್ವಭಾವವನ್ನು ಮೊದಲು ಹೇಳಬೇಕು. ಪಾರ್ಥೆನಾನಿನ ಶಿಲ್ಪಿಗೆ ಪೆಂಟೆಲಿಕಸ್ ಬೆಟ್ಟದ ಅಮೃತಶಿಲೆಯಿದ್ದಿತು. ಹಳೇಬೀಡಿನವನಿಗೆ ಹೊಸದಾಗಿ ಅಗೆದಾಗ ಮೆತ್ತಗಿರುವ ಬಳಪದ ಕಲ್ಲಿದ್ದಿತು. ಹಲಸೂರಿನವನಿಗೆ ದೊರೆತುದು ಬೆಂಗಳೂರಿನ ಕಗ್ಗಲ್ಲು. ಈ ಕಲ್ಲಿನಲ್ಲಿ ಅಂಗವನ್ನು ಬಿಡಿಸಿ ನಿಲ್ಲಿಸಹೊರಟರೆ ಅದು ಸಿಡಿದುಹೋಗುವ ಭಯವುಂಟು. ಆದುದರಿಂದ ಇಲ್ಲಿಯ ಉಬ್ಬುಶಿಲ್ಪವು ಗೋಡೆಗೆ ಅಂಟಿಕೊಂಡು, ರೇಖೆಯ ಓಟದಿಂದಲೇ ತನ್ನ ಕೆಲಸವನ್ನು ಸಾಧಿಸಬೇಕಾಯಿತು. ಎಲ್ಲ ಕಡೆಯೂ ಸಾಧಿಸಿತೆಂದು ಹೇಳುವುದು ಪಕ್ಷಪಾತವಾದೀತು. ಮಂಟಪದ ನಲವತ್ತೆಂಟು ಕಂಬಗಳ ಮೇಲಿನ ದೇವತಾಮೂರ್ತಿಗಳಲ್ಲಿ ಅನೇಕವು ವಿಜಯನಗರದ ಕಾಲದಲ್ಲಿ ಎಲ್ಲೆಡೆಯೂ ಕಾಣುವ ರೂಢಿಯ ಕೆಲಸ. ಅವುಗಳಲ್ಲಿ ಕೈಗೆ ಪಾಠವಾದ ಮಾನವಿದೆ, ಉಸಿರು ಕಡಮೆ. ಗುಣವಿರುವುದು ಹೊರಗೋಡೆಯ ಕಥಾಶಿಲ್ಪಗಳಲ್ಲಿ.

ಅವುಗಳಲ್ಲಿ ರಾವಣನು ಕೈಲಾಸವನ್ನೆತ್ತುವ ಪ್ರಸಂಗವೊಂದು. ಇದರ ಎದುರಿಗೆ ಒಲಿಂಪಿಯದ ಸ್ಯೂಸ್ ದೇ­ವಾಲಯದ ಪಟ್ಟಿಕೆಯೊಂದನ್ನು, ಕ್ರಿ. ಪೂ. 460ರ ಸುಮಾರಿನದನ್ನು, ಇಟ್ಟು ನೋಡಬೇಕು. ಅಲ್ಲಿ ಹೆರಾಕ್ಲೀಸನು ಅಟ್ಲಾಸನ ಬದಲಿಗೆ ಆಕಾಶವನ್ನು ಹೊತ್ತಿದ್ದಾನೆ. ಹೆಗಲ ಮೇಲೆ ಮಡಿಸಿದ ಮೆತ್ತೆಯಿದೆ. ದೇಹವು ಕಂಬದಂತೆ ನೆಟ್ಟಗಾಗಿದೆ. ಭಾರವು ತಲೆಯಿಂದ ಅಂಗಾಲಿನವರೆಗೆ ಇಳಿಯುವುದು ಕಾಣುತ್ತದೆ. ಅವನ ಹಿಂದೆ ನಿಂತ ಅಥೀನಾದೇವಿಯು ಒಂದು ಕೈಯನ್ನೆತ್ತಿ ಸುಮ್ಮನೆ ಆಸರೆಕೊಟ್ಟಿದ್ದಾಳೆ. ಅವಳಿಗೆ ಶ್ರಮವೇ ಇಲ್ಲ. ರಾವಣಾನುಗ್ರಹದ ಶಿಲ್ಪಗಳಲ್ಲಿಯಾದರೋ ಬಲವು ಪೇಶಿಯ ಉಬ್ಬಿನಿಂದ ಸೂಚಿತವಾಗುವುದಿಲ್ಲ. ಬೀಸಣಿಗೆಯಂತೆ ಹರಡಿದ ತೋಳುಗಳ ಸಂಖ್ಯೆಯಿಂದಲೂ, ಮಡಿಸಿದ ಮೊಣಕಾಲಿನಿಂದಲೂ, ಭಾರದ ಅಡಿಯಲ್ಲಿ ದೇಹವು ಕುಗ್ಗಿ ಅಗಲವಾಗುವುದರಿಂದಲೂ ಸೂಚಿತವಾಗುತ್ತದೆ. ಮೇಲೆ ಶಿವನು ಮಾಡಿದುದೇನು? ಕಾಲ್ಬೆರಳನ್ನು ಒತ್ತಿದನು, ಅಷ್ಟೆ. ಲೋಕದಲ್ಲಿ ಎಲ್ಲಕ್ಕಿಂತ ಹೆಚ್ಚಿನ ಬಲವು ಶಿಲ್ಪದಲ್ಲಿ ಎಲ್ಲಕ್ಕಿಂತ ಚಿಕ್ಕ ಚಲನೆಯಾಗಿ ತೋರುತ್ತದೆ. ದೇವತೆಗೆ ಆಯಾಸವಿಲ್ಲವೆಂಬ ಸಂಗತಿಯಲ್ಲಿ ಯವನಶಿಲ್ಪಿಯೂ ಭಾರತೀಯ ಶಿಲ್ಪಿಯೂ ಒಂದೇ ಮಾತನ್ನು ಹೇಳಿದ್ದಾರೆ. ಭೇದವಿರುವುದು ಆಯಾಸಪಡುವವನಲ್ಲಿ: ಯವನನಿಗೆ ಅವನು ವೀರ, ಭಾರತೀಯನಿಗೆ ಅವನು ಅಹಂಕಾರಿ. ಪೇಶಿಯ ಪ್ರಶ್ನೆಯು ಇಲ್ಲಿ ಧರ್ಮದ ಪ್ರಶ್ನೆಯಾಗಿ ಪರಿಣಮಿಸುತ್ತದೆ.

ಗಿರಿಜಾಕಲ್ಯಾಣವೂ ಈ ಗೋಡೆಯ ಮೇಲಿದೆ. ಕುಮಾರಸಂಭವದಲ್ಲಿ ಕಾಳಿದಾಸನೂ ತನ್ನ ಚಂಪುವಿನಲ್ಲಿ ಹರಿಹರನೂ ವಿಸ್ತರಿಸಿದ ಈ ಮದುವೆಯನ್ನು ಶಿಲ್ಪಿಯು ಸಾಲಾಗಿ ನಿಂತ ಜನರಿಂದ ಹೇಳುತ್ತಾನೆ. ಪಾರ್ಥೆನಾನಿನ ಪಟ್ಟಿಕೆಯೂ ಒಂದು ಮೆರವಣಿಗೆಯೇ. ಸುಮಾರು ನೂರರವತ್ತು ಮೀಟರುಗಳ ಉದ್ದಕ್ಕೆ ಅಥೆನ್ಸಿನ ಪೌರರು ತಮ್ಮ ದೇವಿಯ ಉತ್ಸವಕ್ಕೆ ಹೊರಟಿದ್ದಾರೆ. ಅಲ್ಲಿ ಕುದುರೆಗಳು ಎಷ್ಟೇ ಕೆರಳಿದ್ದರೂ ಸವಾರರ ಮುಖದಲ್ಲಿ ಕ್ಷೋಭೆಯಿಲ್ಲ; ಸವಾರನೂ ನಡೆಯುವವನೂ ತಲೆಯ ಎತ್ತರದಲ್ಲಿ ಸಮ. ಹಲಸೂರಿನ ಸಾಲಿನಲ್ಲಿಯೂ ಮುಖಗಳಿಗೆ ಕ್ಷೋಭೆಯಿಲ್ಲ. ಕಂಡುದನ್ನು ಮಾತ್ರ ಕಡೆಯುವವನು ಇಂಥ ಮುಖಗಳನ್ನು ಎಲ್ಲಿಂದ ತಂದಾನು?

ಗೋಡೆಯ ಮೇಲಿನ ಅರುವತ್ತಮೂವರು ಪುರಾತನರನ್ನು ಕುರಿತು ಪ್ರತ್ಯೇಕ ಲೇಖನವೇ ಬೇಕು. ಪ್ರಕೃತಕ್ಕೆ ಒಂದೇ ಮಾತು: ಕಣ್ಣನ್ನು ಕಿತ್ತು ಕೊಟ್ಟ ಕಣ್ಣಪ್ಪನೂ, ಚೆಲುವನ್ನು ಬೇಡವೆಂದು ಪ್ರೇತರೂಪವನ್ನು ಬೇಡಿಕೊಂಡ ಕಾರೈಕಾಲಮ್ಮೆಯೂ ಸೇರಿದ ಈ ಗೋಷ್ಠಿಯಲ್ಲಿ, ಕುಂದಿದ ದೇಹವು ಪೂಜ್ಯವಾಗಿದೆ. ಯವನರೂ ಮುಪ್ಪನ್ನು ಕಡೆದರು. ಒಲಿಂಪಿಯದ ಗೋಪಾನಸಿಯಲ್ಲಿ ಕುಳಿತ ಮುದುಕ ಕಾಲಜ್ಞಾನಿಯ ಜೋತುಬಿದ್ದ ಎದೆಯು ಅದ್ಭುತವಾದ ಕೆಲಸ. ಆದರೆ ಅವನ ಮುಪ್ಪು ಕಾಲನು ಕೊಟ್ಟುದು, ಕಾರೈಕಾಲಮ್ಮೆಯದು ಬೇಡಿ ಪಡೆದುದು.

ಗೋಪುರದ ಬಣ್ಣದ ಗಾರೆಬೊಂಬೆಗಳನ್ನು ಕಂಡು ಮೂಗು ಮುರಿಯುವವರಿಗೂ ಒಂದು ಮಾತನ್ನು ಹೇಳಬೇಕಾಗಿದೆ. ಯವನರ ಬಿಳಿಯ ಅಮೃತಶಿಲೆಯು ಮಳೆ ಮಣ್ಣುಗಳು ಮಾಡಿದ ಬಿಳುಪು. ಮೂಲದಲ್ಲಿ ಅವುಗಳಿಗೆ ಕೆಂಪು, ನೀಲಿ, ಹಳದಿ ಬಣ್ಣಗಳಿದ್ದವು. ಇಟಲಿಯ ರಿಯಾಚೆ ಎಂಬಲ್ಲಿ 1972ರಲ್ಲಿ ಸಮುದ್ರದಿಂದ ಮೇಲೆತ್ತಿದ ಯವನರ ಕಂಚಿನ ವೀರರಿಬ್ಬರಿಗೆ ಕೂಡಿಸಿದ ಕಣ್ಣುಗಳೂ ತಾಮ್ರದ ತುಟಿಗಳೂ ಇವೆ. ಒಬ್ಬನಿಗೆ ಬೆಳ್ಳಿಯ ಹಲ್ಲುಗಳೂ ಇವೆ. ದಂಡಿನ ವಿಕ್ಟೋರಿಯಾ ಪ್ರತಿಮೆಯ ಅಚ್ಚಬಿಳುಪು ಯವನರದಲ್ಲ, ಯವನರನ್ನು ತಪ್ಪಾಗಿ ತಿಳಿದ ಐರೋಪ್ಯರದು. ಈ ಒಂದು ಅಂಶದಲ್ಲಿ ಹಲಸೂರಿನ ಗೋಪುರವೇ ಅಥೆನ್ಸಿಗೆ ಹತ್ತಿರ.

ಉಸಿರಿನ ಕಲೆಗೆ ಕೊನೆಯ ಪರೀಕ್ಷೆಯು ಉಸಿರು ಹೋದ ದೇಹ. 1865ರಲ್ಲಿ ದಂಡಿನಲ್ಲಿ ಆರಂಭವಾಗಿ ಆಮೇಲೆ ಕಬ್ಬನ್ ಉದ್ಯಾನದ ಅಂಚಿಗೆ ಬಂದ ಸರಕಾರದ ವಸ್ತುಸಂಗ್ರಹಾಲಯದಲ್ಲಿ ಬೇಗೂರಿನ ಪ್ರಸಿದ್ಧವಾದ ವೀರಗಲ್ಲಿದೆ. ಗಂಗರ ಎರೆಯಪ್ಪನ ಕಾಲದಲ್ಲಿ, ಒಂಬತ್ತು ಹತ್ತನೆಯ ಶತಮಾನಗಳ ಸಂಧಿಯಲ್ಲಿ, ವೀರಮಹೇಂದ್ರನ ಮೇಲೆ ಕಾದಿ ತುಂಬೆಪಾಡಿಯಲ್ಲಿ ಮಡಿದ ನಾಗತ್ತರನ ಕಲ್ಲು ಅದು. ಆನೆ, ಕುದುರೆ, ಯೋಧರು ಒಬ್ಬರ ಮೇಲೊಬ್ಬರು ಒತ್ತಿಕೊಂಡಿರುವ ಆ ಯುದ್ಧದಲ್ಲಿ ಕಾದುವವರ ಮೈಯಲ್ಲಿ ಬಿಲ್ಲಿನ ಬಿಗಿಯಿದೆ, ಬಿದ್ದವರ ಮೈಯಲ್ಲಿ ಅದಿಲ್ಲ. ಚಿತ್ರಸೂತ್ರವು ಕೇಳಿದ ಭೇದವು ಕಗ್ಗಲ್ಲಿನಲ್ಲಿ ಸಿದ್ಧಿಸಿದೆ. ಅಥೆನ್ಸಿನ ಕೆರಮೈಕೋಸ್ ಸ್ಮಶಾನದಲ್ಲಿಯೂ ಒಂದು ವೀರಗಲ್ಲಿತ್ತು ಎಂದರೆ ತಪ್ಪಾಗದು. ಕ್ರಿ. ಪೂ. 394ರಲ್ಲಿ ಕೊರಿಂಥಿನ ಯುದ್ಧದಲ್ಲಿ ಇಪ್ಪತ್ತರ ಹರೆಯದಲ್ಲಿ ಸತ್ತ ಡೆಕ್ಸಿಲಿಯೋಸನೆಂಬ ಸವಾರನ ಕಲ್ಲು ಅದು. ಸತ್ತವನು ಕುದುರೆಯ ಮೇಲೆ ಬದುಕಿ ಗೆಲ್ಲುತ್ತಿದ್ದಾನೆ. ಕೆಳಗೆ ಶತ್ರುವು ಬೆತ್ತಲೆಯಾಗಿ ಬಿದ್ದಿದ್ದಾನೆ. ಸೋತವನ ದೇಹವನ್ನೂ ಗೆದ್ದವನ ದೇಹದಷ್ಟೇ ಸುಂದರವಾಗಿ ಕಡೆದಿರುವುದು ಯವನಶಿಲ್ಪಿಯ ದೊಡ್ಡತನ.

ಎರಡು ಕಲ್ಲುಗಳ ಮೇಲೂ ಬರಹವಿದೆ. ಡೆಕ್ಸಿಲಿಯೋಸನ ಕಲ್ಲು ಅವನು ಹುಟ್ಟಿದ ವರ್ಷದ ಅಧಿಕಾರಿಯ ಹೆಸರನ್ನೂ ಸತ್ತ ವರ್ಷದ ಅಧಿಕಾರಿಯ ಹೆಸರನ್ನೂ ಹೇಳುತ್ತದೆ. ಹುಟ್ಟಿದ ವರ್ಷವನ್ನು ಕಲ್ಲಿನಲ್ಲಿ ಬರೆಯುವುದು ಅಲ್ಲಿ ವಾಡಿಕೆಯಲ್ಲ. ಹತ್ತು ವರ್ಷಗಳ ಹಿಂದೆ ಅಥೆನ್ಸನ್ನು ಹಿಂಸಿಸಿದ ಮೂವತ್ತು ಮಂದಿ ಕ್ರೂರಾಧಿಪತಿಗಳಿಗೆ ಅಶ್ವಸೈನ್ಯವು ಬೆಂಬಲವಾಗಿದ್ದಿತು. ಈ ಹುಡುಗನಾದರೋ ಆಗ ಬಾಲಕನಾಗಿದ್ದನೆಂದು ತಿಳಿಸುವುದಕ್ಕಾಗಿ ಮನೆಯವರು ಹಾಗೆ ಬರೆಯಿಸಿದರೆಂದು ವಿದ್ವಾಂಸರ ಊಹೆ. ಬೇಗೂರಿನ ಕಲ್ಲು ನಾಗತ್ತರನ ವಯಸ್ಸನ್ನು ಹೇಳುವುದಿಲ್ಲ. ಅವನು ಮಡಿದುದನ್ನು ಕೇಳಿದ ಎರೆಯಪ್ಪನು ನಾಗತ್ತರನೆಂಬ ಪಟ್ಟವನ್ನು ಇರುಗನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಬಿಟ್ಟುದನ್ನು ಊರೂರಿನ ಹೆಸರಿಟ್ಟು ಹೇಳುತ್ತದೆ.